ಸತುವಿನ ತಗಡಿನಲ್ಲಿ ಹುಟ್ಟೂರು

ಸ್ವಂತ ಬದುಕನ್ನೇ ವಸ್ತುವಾಗಿಸಿಕೊಂಡು ಕಲಿಯುವ ವಾಡಿಕೆ ಹೈದರಾಬಾದಿನ ಕಲಾವಲಯಕ್ಕೆ ಹೊಸದಲ್ಲ. ಇದಕ್ಕೆ ಗಟ್ಟಿ ಉದಾಹರಣೆ ಕೆ. ಲಕ್ಷ್ಮಾ ಗೌಡ್ ಮತ್ತು ತೋಟ ವೈಕುಂಠಂ. ಗೌಡ್ ಹುಟ್ಟಿದ್ದು 1940ರಲ್ಲಿ, ಮೇದಕ್ ಜಿಲ್ಲೆಯ ನಿಜಾಂಪುರದಲ್ಲಿ. ವೈಕುಂಠಂ 1942ರಲ್ಲಿ, ಕರೀಂನಗರ ಜಿಲ್ಲೆಯ ಬೂರುಗುಪಲ್ಲಿಯಲ್ಲಿ. ಇಬ್ಬರೂ ಹೈದರಾಬಾದಿನ ಸರ್ಕಾರಿ ಕಲಾಶಾಲೆಯಲ್ಲಿ ಓದಿದರು, ಇಬ್ಬರೂ ಬರೋಡಾಕ್ಕೆ ಹೋಗಿ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಶಿಷ್ಯರಾದರು, ಮರಳಿ ಬಂದು ತಾವು ಬಿಟ್ಟುಹೋದ ಹಳ್ಳಿಯನ್ನೇ ಬರೆದರು. ಒಬ್ಬರಿಗೆ ಅದು ಎಚ್ಚಿಂಗ್‌ನಲ್ಲಿ ದಕ್ಕಿತು, ಇನ್ನೊಬ್ಬರಿಗೆ ಬಣ್ಣದಲ್ಲಿ.

ಗೌಡ್ 1963ರಿಂದ 65ರವರೆಗೆ ಬರೋಡಾದಲ್ಲಿ ಭಿತ್ತಿಚಿತ್ರ ಮತ್ತು ಮುದ್ರಣಕಲೆ ಕಲಿತರು. ಆಡು, ಗಿಡಗಂಟಿ, ಹಳ್ಳಿಯ ಗಂಡು ಹೆಣ್ಣು, ಅವರ ನಡುವಿನ ಮುಚ್ಚುಮರೆಯಿಲ್ಲದ ಕಾಮ ಇವೆಲ್ಲ ಅವರ ಕಪ್ಪು ಬಿಳುಪಿನ ಸಣ್ಣ ಪ್ರಿಂಟ್‌ಗಳಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಬಾಲ್ಯದಲ್ಲಿ ಕಂಡ ತೊಗಲುಗೊಂಬೆಯಾಟದ ಗುರುತು ಆ ಚೂಪು ಗೆರೆಗಳಲ್ಲಿ ಕಾಣುತ್ತದೆ.

ಎಚ್ಚಿಂಗ್‌ನ ಕೆಲಸ ನಿಧಾನದ್ದು. ಸತು ಅಥವಾ ತಾಮ್ರದ ತಗಡಿಗೆ ಮೇಣ, ರಾಳ, ಬಿಟುಮೆನ್ ಬೆರೆಸಿದ ಲೇಪ ಕೊಟ್ಟು, ಅದು ಆರಿದ ಮೇಲೆ ಸೂಜಿಯಿಂದ ಚಿತ್ರ ಗೀರುತ್ತಾರೆ. ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಸತುವಿನ ತಗಡನ್ನು ಅದ್ದಿದರೆ ಗೀರಿದ ಜಾಗವನ್ನು ಮಾತ್ರ ಆಮ್ಲ ತಿನ್ನುತ್ತದೆ. ಗೆರೆಯ ಮೇಲೆ ಏಳುವ ಗುಳ್ಳೆಗಳನ್ನು ಹಕ್ಕಿಯ ಗರಿಯಿಂದ ಸವರಿ ಸರಿಸುತ್ತಿರಬೇಕು. ಇಲ್ಲವಾದರೆ ಕೊರೆತ ಏರುಪೇರಾಗುತ್ತದೆ. ಬೂದು ಛಾಯೆ ಬೇಕಾದಾಗ ಅಕ್ವಾಟಿಂಟ್: ತಗಡಿನ ಮೇಲೆ ರಾಳದ ನುಣ್ಣನೆಯ ಪುಡಿ ಉದುರಿಸಿ, ಅಡಿಯಿಂದ ಕಾಯಿಸಿ ಅಂಟಿಸುತ್ತಾರೆ. ಆಮ್ಲ ಕಣಗಳ ಸಂದಿಗಳಲ್ಲಿ ಇಳಿಯುತ್ತದೆ. ಬಿಳಿಯಾಗಿ ಉಳಿಯಬೇಕಾದ ಭಾಗಕ್ಕೆ ಮೊದಲೇ ವಾರ್ನಿಶ್, ತಿಳಿಬೂದಿಗೆ ಒಂದು ಅದ್ದು, ಕಡುಗಪ್ಪಿಗೆ ಮತ್ತೆ ಮತ್ತೆ ಅದ್ದು. ಕೊನೆಗೆ ಶಾಯಿ ತುಂಬಿ, ಬಟ್ಟೆಯಿಂದ ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಚಿತ್ರ ಎಡಬಲ ತಿರುಗಿ ಮೂಡುತ್ತದೆ.

ನೆನಪನ್ನು ಬರೆಯಹೊರಟ ವಿದ್ಯಾರ್ಥಿಗೆ ಈ ವಿಧಾನ ಕಲಿಸುವುದು ಆಯ್ಕೆಯನ್ನು. ಅಜ್ಜಿಯ ಮನೆಯ ಅಂಗಳದಲ್ಲಿ ಯಾವುದು ಕತ್ತಲಿಗೆ ಹೋಗಬೇಕು, ಯಾವುದು ಬಿಳಿಯಾಗಿ ನಿಲ್ಲಬೇಕು ಎಂಬುದು ತಗಡು ಆಮ್ಲಕ್ಕೆ ಇಳಿಯುವ ಮೊದಲೇ ತೀರ್ಮಾನವಾಗಿರಬೇಕು. ಆಮೇಲೆ ತಿದ್ದಬೇಕೆಂದರೆ ಲೋಹವನ್ನೇ ಹೆರೆದು ಉಜ್ಜಬೇಕು. ಹಂತಹಂತಕ್ಕೂ ತೆಗೆದ ಪರೀಕ್ಷಾ ಪ್ರತಿಗಳು, ಅಂದರೆ ಪ್ರೂಫ್‌ಗಳು ಉಳಿಯುವುದರಿಂದ ಯೋಚನೆ ಎಲ್ಲಿ ತಿರುವು ಪಡೆಯಿತು ಎಂಬುದೂ ದಾಖಲಾಗುತ್ತದೆ.

ಬಣ್ಣದ ಸ್ವಭಾವ ಬೇರೆ. ಬಳಿದದ್ದನ್ನು ಮುಚ್ಚಬಹುದು, ಮತ್ತೆ ಶುರುಮಾಡಬಹುದು. ವೈಕುಂಠಂ ಅವರ ದೊಡ್ಡ ಕುಂಕುಮದ, ಗಾಢ ಸೀರೆಯ ತೆಲಂಗಾಣದ ಹೆಂಗಸರ ಹಿಂದೆ ಅವರ ತಾಯಿಯ ನೆನಪಿದೆ, ಊರಿಗೆ ಬರುತ್ತಿದ್ದ ನಾಟಕದ ಮೇಳಗಳಲ್ಲಿ ಹೆಣ್ಣುವೇಷ ಹಾಕುತ್ತಿದ್ದ ಗಂಡಸರ ನೆನಪೂ ಇದೆ. ಆದರೆ ಅವು ಯಾರೊಬ್ಬರ ಭಾವಚಿತ್ರಗಳೂ ಅಲ್ಲ. ಕೆಂಪು, ಹಳದಿ, ಹಸಿರನ್ನು ಹೆಚ್ಚು ಬೆರೆಸದೆ ಬಳಸಿ, ಹಿನ್ನೆಲೆಯ ವಿವರ ಕಳೆದು, ಖಾಸಗಿ ನೆನಪನ್ನು ಅವರು ಎಲ್ಲರೂ ಗುರುತಿಸುವ ಮಾದರಿಯಾಗಿಸಿದರು.

ಗೌಡ್ ಪಾಠ ಹೇಳಿದ ಹೈದರಾಬಾದ್ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಶಾಲೆಯಲ್ಲಿ ಚಿತ್ರಕಲೆ, ಮುದ್ರಣಕಲೆ ಎರಡನ್ನೂ ಕಲಿಸುತ್ತಾರೆ. ಎರಡನ್ನೂ ಜೊತೆಗೆ ಕಲಿತರೆ ಲಾಭವೇ: ಹುಡುಕಾಟಕ್ಕೆ ಬಣ್ಣ, ತೀರ್ಮಾನಕ್ಕೆ ತಗಡು. ಸ್ಕೆಚ್‌ಬುಕ್ಕು, ಬಣ್ಣದ ಕರಡು, ಪ್ರೂಫ್, ಕೊನೆಗೆ 3/10 (ಹತ್ತು ಪ್ರತಿಗಳಲ್ಲಿ ಮೂರನೆಯದು) ಎಂಬಂತೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆದ ಆವೃತ್ತಿ ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದರೆ ಕೆಲಸದ ಬೆಲೆ ತಿಳಿಯುತ್ತದೆ. ಅನುಭವ ಎಷ್ಟು ತೀವ್ರವಾಗಿತ್ತು ಎಂಬುದಕ್ಕಿಂತ, ವಿದ್ಯಾರ್ಥಿಯ ಮನೆಯನ್ನೇ ಕಾಣದವರಿಗೂ ಆ ಚಿತ್ರ ನಿಂತು ನೋಡುವಂತಿದೆಯೇ ಎಂಬುದೇ ಇಲ್ಲಿನ ಅಳತೆ.