ನಾಟಿಯಾದರೇನು, ನಿಂಬೆ ಬೇಕು

ತಾರಸಿಯ ಟೊಮೆಟೊ ಒಟ್ಟಿಗೇ ಹಣ್ಣಾಗುವ ವಾರ ಬಂತೆಂದರೆ ಹಳೆಯ ತಕರಾರೂ ಬುಟ್ಟಿಯ ಜೊತೆಗೇ ಅಡುಗೆಮನೆಗೆ ಇಳಿಯುತ್ತದೆ. ‘ತಲೆಕೆಳಗು’ ಪಂಥದವರದು ಸಲೀಸು ದಾರಿ: ಕುದಿಯುವ ಟೊಮೆಟೊವನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ಸುರಿದು, ಮುಚ್ಚಳ ಬಿಗಿದು, ಬೋರಲು ಹಾಕಿದರೆ ಮುಗಿಯಿತು. ಮುಚ್ಚಳ ಒಳಕ್ಕೆ ಸೇದಿಕೊಂಡರೆ ಅವರಿಗೆ ಪರಮಾನಂದ.

ಆದರೆ ಅದರಿಂದ ತಿಳಿಯುವುದು ಒಳಗೆ ಗಾಳಿ ಕಡಿಮೆಯಿದೆ ಎಂಬುದಷ್ಟೆ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಹುಡುಕುವುದೂ ಅಂಥ ಜಾಗವನ್ನೇ. ಅದರ ಬೀಜಕಗಳು ಕುದಿನೀರಿಗೆ ಜಗ್ಗುವುದಿಲ್ಲ, ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಮಾತ್ರ ಮೊಳೆಯಲಾರವು. ಬಾಟಲಿಯಲ್ಲಿ ಆಹಾರ ಕಾಪಿಡುವ ವಿಧಾನಕ್ಕೆ ನಾಂದಿ ಹಾಡಿದ ನಿಕೊಲಾ ಅಪೇರ್‌ಗೆ ಇದೊಂದೂ ಗೊತ್ತಿರಲಿಲ್ಲ. ಆದರೂ 1810ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲೇ ಬಾಟಲಿಯನ್ನು ಬಿರಡೆ ಹಾಕಿದ ಮೇಲೆ ನೀರಲ್ಲಿಟ್ಟು ಕುದಿಸುವ ಕ್ರಮವಿದೆ. ತಲೆಕೆಳಗಿನವರು ಅಲ್ಲಿಗೂ ತಲುಪಿಲ್ಲ.

ನಾಟಿ ಟೊಮೆಟೊ ಅಭಿಮಾನಿಗಳ ವಾದ ಇನ್ನೊಂದು: ಹಣ್ಣೇ ಹುಳಿ, ನಿಂಬೆ ಯಾಕೆ? ನಾಲಿಗೆ ಪಿಎಚ್ ಅಳೆಯುವುದಿಲ್ಲ ಸ್ವಾಮಿ. ತಳಿ ನೋಡಿಕೊಂಡು, ಮಾಗಿದ ಹದ ನೋಡಿಕೊಂಡು ಟೊಮೆಟೊ 4.6ರ ಆಚೀಚೆ ಓಡಾಡುತ್ತದೆ. ಅದಕ್ಕೇ ಅಮೆರಿಕದ ಕೃಷಿ ಇಲಾಖೆಯ ಕೈಪಿಡಿ ಅರ್ಧ ಲೀಟರಿನ ಜಾಡಿಗೆ ಒಂದು ದೊಡ್ಡ ಚಮಚ ಬಾಟಲಿ ನಿಂಬೆರಸ, ಇಲ್ಲವೇ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್ ಹಾಕಿ ಎನ್ನುತ್ತದೆ. ಆಗಷ್ಟೇ ಹಿಂಡಿದ ನಿಂಬೆಯ ಹುಳಿ ಒಂದೊಂದು ಹಣ್ಣಿಗೆ ಒಂದೊಂದು ಥರ; ಇಲ್ಲಿ ಅದು ನಡೆಯದು.

ಹುಳಿ ಹಾಕಿ ಮುಚ್ಚಿದ ಜಾಡಿಯನ್ನು ನೀರಲ್ಲಿಟ್ಟು ಕುದಿಸಲೂ ಬೇಕು. ಎಷ್ಟು ಹೊತ್ತು ಎಂಬುದಕ್ಕೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬ ಲೆಕ್ಕವಿದೆ. ಎತ್ತರ ಏರಿದಷ್ಟೂ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೆ. ಹೀಗಾಗಿ ಜಜ್ಜಿ ಕುದಿಸಿ ತುಂಬಿದ ಅರ್ಧ ಲೀಟರ್ ಜಾಡಿಗೆ ಮಂಗಳೂರಿನಲ್ಲಿ 35 ನಿಮಿಷದ ಕುದಿ ಸಾಕಾದರೆ ಮೈಸೂರಿನಲ್ಲಿ 40, ಮಡಿಕೇರಿಯಲ್ಲಿ 45 ಬೇಕು. ಕೈಪಿಡಿಯಲ್ಲಿ 40 ಹೋಗಿ 45 ಆಗುವುದು 3,000 ಅಡಿಗೆ. ಬೆಂಗಳೂರು ಸರಿಯಾಗಿ ಆ ಗಡಿಯಲ್ಲೇ ಕೂತಿದೆ! ಅಲ್ಲಿನವರು 45 ಎಂದುಕೊಳ್ಳುವುದೇ ಕ್ಷೇಮ.

ಜಾಡಿಯ ತಲೆಯ ಮೇಲೆ ಒಂದಂಗುಲ ನೀರು ನಿಲ್ಲಬೇಕು. ಜಾಡಿ ಇಳಿಸಿದಾಗ ಸದ್ದಡಗಿದ ನೀರು ಮತ್ತೆ ಕೊತಕೊತ ಎಂದ ಮೇಲೆಯೇ ಗಡಿಯಾರ ನೋಡಬೇಕು. ಇದೆಲ್ಲ ಬಿಲ್ಲೆ, ತಿರುಪು ಬಳೆ ಬೇರೆಬೇರೆಯಿರುವ ಮೇಸನ್ ಜಾಡಿಯ ಲೆಕ್ಕ. ಕುಕ್ಕರಿನ ವಿಷಲ್ ಎಣಿಸುವವರಿಗೆ ಒಗ್ಗದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದರೂ ಹುಳಿ ತಗ್ಗಿ ಲೆಕ್ಕ ಕೆಡುತ್ತದೆ. ಅವು ಬೇಕೇಬೇಕು ಎನ್ನುವವರು ತೊಕ್ಕು ಮಾಡಿ ಫ್ರಿಜ್ಜಿನಲ್ಲಿಡಲಿ.