ಹದಿನೈದು ಭುಜ, ಇನ್ನು ಹದಿನೈದು ಭುಜ

ಆರ್.ಟಿ. ನಗರದಿಂದ ಹೆಬ್ಬಾಳ ದಾಟಿ ಯಲಹಂಕದವರೆಗಿನ ಫಿಸಿಯೋಥೆರಪಿ ಕ್ಲಿನಿಕ್ಕುಗಳ ಬೋರ್ಡುಗಳಲ್ಲಿ ಸ್ನಾತಕ ಪದವಿ ‘ಬಿಪಿಟಿ’ಯ ಪಕ್ಕದಲ್ಲಿ ಸ್ನಾತಕೋತ್ತರ ಪದವಿ ‘ಎಂಪಿಟಿ’ ಸೇರಿತೆಂದರೆ ಅದರ ತೂಕವೇ ಬೇರೆ. ಅದರ ಕೆಳಗೆ ‘ಮಸ್ಕ್ಯುಲೋಸ್ಕೆಲಿಟಲ್’ ಎಂದಿದ್ದರಂತೂ ಮಾತೇ ಬೇಡ. ಬಾಗಿಲಿಗೆ ಬರುವವರಲ್ಲಿ ಹೆಚ್ಚಿನವರು ಮಂಡಿ, ಸೊಂಟ, ಕುತ್ತಿಗೆ, ಭುಜ ಹಿಡಿದುಕೊಂಡೇ ಬರುವುದರಿಂದ ಮೂಳೆ, ಕೀಲು, ಸ್ನಾಯುಗಳ ಈ ವಿಭಾಗಕ್ಕೆ ಮರ್ಯಾದೆ ಹೆಚ್ಚು. ಬರೀ ‘ಕರೆಂಟ್ ಕೊಡುವವರು’ ಎಂಬ ಹೆಸರಿನಿಂದ ತಪ್ಪಿಸಿಕೊಳ್ಳಬೇಕೆನ್ನುವ ಫಿಸಿಯೋಗಳು ಎರಡು ವರ್ಷದ ದುಡಿಮೆ ಬಿಟ್ಟು ಈ ಪದವಿಗೆ ಹೋಗುತ್ತಾರೆ. ಮರಳಿ ಬರುವಾಗ ಅವರ ಕೈಯಲ್ಲಿ ತಂತ್ರಗಳ ಉದ್ದನೆಯ ಪಟ್ಟಿಯಿರುತ್ತದೆ: ಮೇಟ್‌ಲ್ಯಾಂಡ್, ಮಲ್ಲಿಗನ್, ಮೆಕೆಂಜಿ, ಕಾಲ್ಟೆನ್‌ಬಾರ್ನ್.

ಈ ಪದವಿಗೆ ಸಿಕ್ಕಿರುವ ಹೆಸರು ಆ ಪಟ್ಟಿಯ ಮೇಲೆ ನಿಂತಿದೆ, ಆ ಕಾರಣಕ್ಕೇ ಅದು ಅತಿಯಾಯಿತು. ಪಟ್ಟಿಯಲ್ಲಿರುವುದನ್ನೆಲ್ಲ ಚುರುಕು ಕೈಯವರು ಕೆಲವು ಭಾನುವಾರಗಳ ಕಾರ್ಯಾಗಾರದಲ್ಲಿ ಕಲಿಯಬಲ್ಲರು. ಎರಡು ವರ್ಷ ಕೊಡಬೇಕಾದದ್ದು ಬೇರೆಯೇ ಇದೆ. ಯಾವ ತಂತ್ರ, ಯಾರಿಗೆ, ಯಾಕೆ, ಕೆಲಸ ಮಾಡದಿದ್ದರೆ ಮುಂದೇನು ಎಂದು ಪ್ರಶ್ನೆ ಹಾಕಿಕೊಳ್ಳುವ ಶಿಸ್ತು ಅದು. ಆ ಶಿಸ್ತು ಕೊನೆಗೆ ಪರೀಕ್ಷೆಗೊಳಗಾಗುವ ಜಾಗ ಪ್ರಬಂಧ, ಅಂದರೆ ಎಲ್ಲರೂ ‘ಥೀಸಿಸ್’ ಎನ್ನುವ ಭಾಗ. ಕೋರ್ಸು ಸೋಲುತ್ತಿರುವುದೂ ಅಲ್ಲೇ.

ಪೀಠಿಕೆ ಹೆಚ್ಚು ಬೇಕಿಲ್ಲ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಎಂಪಿಟಿ ಎರಡು ವರ್ಷದ ಪೂರ್ಣಾವಧಿ ಕೋರ್ಸು. ಸೆಮಿನಾರು, ಜರ್ನಲ್ ಕ್ಲಬ್, ಕೇಸ್ ಪ್ರೆಸೆಂಟೇಶನ್, ಆಸ್ಪತ್ರೆ ಪೋಸ್ಟಿಂಗ್, ಬೋಧನೆ, ಪರೀಕ್ಷೆ ಎಲ್ಲವೂ ಉಂಟು.

ನೋಡಬೇಕಾದದ್ದು ಪ್ರಬಂಧದ ಸಿನಾಪ್ಸಿಸ್ ನೋಂದಣಿಯ ಅರ್ಜಿ. ವಿಶ್ವವಿದ್ಯಾಲಯದ ಹಳೆಯ ನಮೂನೆಯನ್ನು ತುಂಬಿದವರಿಗೆ ಅದರ ಅಂಕಣಗಳು ಬಾಯಿಪಾಠ. 6.1ರಲ್ಲಿ ಅಧ್ಯಯನದ ಅಗತ್ಯ, 6.2ರಲ್ಲಿ ಸಾಹಿತ್ಯಾವಲೋಕನ, 6.3ರಲ್ಲಿ ಉದ್ದೇಶ, 7.1ರಲ್ಲಿ ಮಾಹಿತಿಯ ಮೂಲ, 7.2ರಲ್ಲಿ ಸಂಗ್ರಹದ ವಿಧಾನ. 7.3ರಲ್ಲಿ ಮನುಷ್ಯರ ಮೇಲೋ ಪ್ರಾಣಿಗಳ ಮೇಲೋ ಪ್ರಯೋಗ ನಡೆಯುತ್ತದೆಯೇ ಎಂಬ ಪ್ರಶ್ನೆ, 7.4ರಲ್ಲಿ ನೈತಿಕ ಸಮಿತಿಯ ಒಪ್ಪಿಗೆ. ಅಚ್ಚುಕಟ್ಟಾದ ಅರ್ಜಿಯೇ. ಆದರೆ ಕೇಳಲೇಬೇಕಾದ ಒಂದು ಮಾತು ಅದರಲ್ಲಿಲ್ಲ: ಫಲಿತಾಂಶ ಹೀಗೆ ಬಂದರೆ ಯಾವ ನಂಬಿಕೆ ಬೀಳುತ್ತದೆ, ಹಾಗೆ ಬಂದರೆ ಯಾವುದು?

ಆ ಅಂಕಣ ಇಲ್ಲದ್ದರಿಂದ 6.1ರ ಬರಹಕ್ಕೆ ಒಂದು ಅಚ್ಚು ಸಿದ್ಧವಾಗಿಬಿಟ್ಟಿದೆ. ಈ ಕಾಯಿಲೆ ಬಹಳ ಜನರಿಗೆ ಬರುತ್ತದೆ. ಇದಕ್ಕೆ ‘ಅ’ ತಂತ್ರ ಪರಿಣಾಮಕಾರಿ ಎಂದಿದ್ದಾರೆ. ‘ಆ’ ತಂತ್ರವೂ ಪರಿಣಾಮಕಾರಿ ಎಂದಿದ್ದಾರೆ. ಎರಡನ್ನೂ ಹೋಲಿಸಿದ ಅಧ್ಯಯನಗಳು ಕಡಿಮೆ. ಆದ್ದರಿಂದ ಹೋಲಿಸುವ ಅಗತ್ಯವಿದೆ. ಮೂವತ್ತು ರೋಗಿಗಳು, ಹದಿನೈದು ಒಂದು ಗುಂಪು, ಹದಿನೈದು ಇನ್ನೊಂದು. ಎರಡು ವಾರ ಚಿಕಿತ್ಸೆ. ನೋವಿಗೆ ಹತ್ತು ಸೆಂಟಿಮೀಟರಿನ ವಿಎಎಸ್ ಗೆರೆ, ಚಲನೆಗೆ ಗೋನಿಯೋಮೀಟರ್. ಕೊನೆಗೆ ಎರಡೂ ಗುಂಪು ಸುಧಾರಿಸಿತು, ಒಂದು ತುಸು ಹೆಚ್ಚು ಎಂಬ ತೀರ್ಮಾನ. ಭುಜದ ಜಾಗದಲ್ಲಿ ಮಂಡಿ ಇಡಿ, ಮಂಡಿಯ ಜಾಗದಲ್ಲಿ ಕುತ್ತಿಗೆ ಇಡಿ, ಅಚ್ಚು ಬದಲಾಗದು.

ಈ ಅಚ್ಚಿಗೆ ಅತ್ಯಂತ ಪ್ರಿಯವಾದ ಕಾಯಿಲೆಗಳಲ್ಲಿ ಒಂದು ಫ್ರೋಜನ್ ಶೋಲ್ಡರ್. ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಕೀಲಿನ ಸುತ್ತಲ ಪೊರೆ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. ಕೈ ಹಿಂದಕ್ಕೆ ಹೋಗದೆ ಜಡೆ ಹಾಕಲಾಗದು, ರವಿಕೆಯ ಹುಕ್ಕು ಸಿಗದು, ಪ್ಯಾಂಟಿನ ಹಿಂಜೇಬಿನಿಂದ ಪರ್ಸು ತೆಗೆಯಲಾಗದು. ಮೊದಲು ಮತ್ತು ಹೆಚ್ಚು ಕಳೆದುಹೋಗುವುದು ತೋಳನ್ನು ಹೊರಕ್ಕೆ ತಿರುಗಿಸುವ ಚಲನೆ.

ಆ ಚಲನೆ ಮರಳಿ ತರಲು ತೋಳೆಲುಬಿನ ದುಂಡು ತಲೆಯನ್ನು ಯಾವ ದಿಕ್ಕಿಗೆ ತಳ್ಳಬೇಕು? ನಾರ್ವೆಯ ಫ್ರೆಡಿ ಕಾಲ್ಟೆನ್‌ಬಾರ್ನ್ ಹೆಸರಿನೊಂದಿಗೆ ಬಂದ ಕಾನ್‌ಕೇವ್–ಕಾನ್‌ವೆಕ್ಸ್ ನಿಯಮವನ್ನು ಮೌಖಿಕ ಪರೀಕ್ಷೆಯಲ್ಲಿ ತಡಬಡಾಯಿಸದೆ ಹೇಳಬೇಕು. ಉಬ್ಬಿದ ಮೂಳೆ ತಗ್ಗಿನ ಮೇಲೆ ಉರುಳಿದಾಗ ಉರುಳಿದ ದಿಕ್ಕಿಗೆ ವಿರುದ್ಧವಾಗಿ ಜಾರುತ್ತದೆ. ತೋಳು ಹೊರಕ್ಕೆ ತಿರುಗಿದರೆ ತಲೆ ಹಿಂದಕ್ಕೆ ಉರುಳಿ ಮುಂದಕ್ಕೆ ಜಾರಬೇಕು. ಹಾಗಾದರೆ ಮುಂದಕ್ಕೇ ತಳ್ಳಬೇಕು: ರೋಗಿಯನ್ನು ಬೋರಲು ಮಲಗಿಸಿ, ತೋಳನ್ನು ಮಂಚದ ಅಂಚಿನಾಚೆ ಇಟ್ಟು, ಅಂಗೈಯ ಬುಡದಿಂದ ಭುಜದ ಹಿಂಭಾಗವನ್ನು ನೆಲದ ಕಡೆಗೆ ಒತ್ತಬೇಕು. ಲೆಕ್ಕ ತಪ್ಪಿಲ್ಲ, ಚಿತ್ರವೂ ಸರಿ, ಅಂಕವೂ ಸಿಗುತ್ತದೆ.

2007ರಲ್ಲಿ ಅಮೆರಿಕದ ‘ಜರ್ನಲ್ ಆಫ್ ಆರ್ಥೋಪೆಡಿಕ್ ಅಂಡ್ ಸ್ಪೋರ್ಟ್ಸ್ ಫಿಸಿಕಲ್ ಥೆರಪಿ’ಯಲ್ಲಿ ಜಾನ್ಸನ್ ಮತ್ತು ಸಂಗಡಿಗರ ಅಧ್ಯಯನವೊಂದು ಬಂತು. ರೋಗಿಗಳು ಕೇವಲ 20, ಚಿಕಿತ್ಸೆ ಆರೇ ಸಲ. ಒಂದು ಗುಂಪಿಗೆ ನಿಯಮ ಹೇಳಿದಂತೆ ಮುಂದಕ್ಕೆ ತಳ್ಳಿದರು. ಇನ್ನೊಂದು ಗುಂಪಿಗೆ ತೋಳೆಲುಬಿನ ತಲೆಯ ಮುಂಭಾಗಕ್ಕೆ ಒತ್ತಡ ಕೊಟ್ಟು ಹಿಂದಕ್ಕೆ ತಳ್ಳಿದರು. ಮುಂದಕ್ಕೆ ತಳ್ಳಿಸಿಕೊಂಡವರ ಹೊರತಿರುಗು ಸರಾಸರಿ 3 ಡಿಗ್ರಿ ಹೆಚ್ಚಿತು. ಹಿಂದಕ್ಕೆ ತಳ್ಳಿಸಿಕೊಂಡವರದು 31.3 ಡಿಗ್ರಿ.

ಮೂರೆಲ್ಲಿ, ಮೂವತ್ತೊಂದೆಲ್ಲಿ! ಆರೋಗ್ಯವಂತ ಕೀಲಿನ ಜಾರುವಿಕೆಯನ್ನು ವಿವರಿಸುವ ಜ್ಯಾಮಿತಿಯನ್ನು, ಪೊರೆ ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ ಬಿಗಿದ ಕಾಯಿಲೆಯ ಕೀಲಿಗೆ ಚಿಕಿತ್ಸೆಯ ದಿಕ್ಕುಸೂಚಿಯಾಗಿ ಬಳಸಬಹುದೇ ಎಂಬ ಪ್ರಶ್ನೆ ಒಂದೇ ಏಟಿಗೆ ಎದ್ದು ನಿಂತಿತು. ಹಿಂಭಾಗದ ಪೊರೆ ಬಿಗಿದರೆ ತೋಳೆಲುಬಿನ ತಲೆ ಮೊದಲೇ ಮುಂದಕ್ಕೆ ಸರಿದಿರಬಹುದು. ಅದನ್ನು ಇನ್ನಷ್ಟು ಮುಂದಕ್ಕೆ ತಳ್ಳಿ ಏನು ಫಲ? ಇದು ಒಂದು ಊಹೆ. ಆದರೆ ಪರೀಕ್ಷಿಸಬಹುದಾದ ಊಹೆ.

ಇಲ್ಲಿಯೇ ಮೊದಲ ಜಗಳ. ಎಂಪಿಟಿ ಪ್ರಬಂಧಗಳನ್ನು ಟೀಕಿಸುವವರು ಕೂಡಲೇ ಬೆರಳು ಇಡುವುದು ಸ್ಯಾಂಪಲ್ ಮೇಲೆ. ಗುಂಪಿಗೆ ಹದಿನೈದು ಜನ ಎಲ್ಲಿ ಸಾಲುತ್ತಾರೆ ಎನ್ನುತ್ತಾರೆ. ಅವರ ಗಣಿತ ಸರಿಯಾಗಿದೆ. ರೂಢಿಯ ಮಾನದಂಡದಲ್ಲಿ, ಅಂದರೆ ಶೇ 5ರ ಮಿತಿ ಮತ್ತು ಶೇ 80ರ ಸಾಮರ್ಥ್ಯದಲ್ಲಿ, ಹದಿನೈದು–ಹದಿನೈದರ ಹೋಲಿಕೆ ಕಾಣಬಲ್ಲದ್ದು ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್‌ಗಿಂತ ದೊಡ್ಡ ವ್ಯತ್ಯಾಸವನ್ನು ಮಾತ್ರ. ಅದರ ಅರ್ಧದಷ್ಟು ವ್ಯತ್ಯಾಸ ಕಾಣಲು ಗುಂಪಿಗೆ 64 ಜನ ಬೇಕು. ಆದರೂ ಈ ಟೀಕೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಜಾನ್ಸನ್ ಅವರ ಬಳಿ ಇದ್ದವರು ಒಟ್ಟು ಇಪ್ಪತ್ತೇ ಜನ. ಅಲ್ಲಿ ಎರಡು ತಿಳಿವಳಿಕೆಗಳು ಎದುರುಬದುರು ನಿಂತಿದ್ದವು, ಒಂದು ಗೆದ್ದರೆ ಇನ್ನೊಂದು ಸೋಲಲೇಬೇಕಿತ್ತು. ವ್ಯತ್ಯಾಸ 28 ಡಿಗ್ರಿ ಬಂದಾಗ ಸಣ್ಣ ಗುಂಪೂ ಅದನ್ನು ಕಂಡಿತು.

ಇದರ ಪಕ್ಕಕ್ಕೆ 2006ರ ಡಚ್ ಅಧ್ಯಯನವನ್ನು ಇಡಬೇಕು. ಲೈಡನ್‌ನಲ್ಲಿ ವರ್ಮ್ಯೂಲನ್ ಮತ್ತು ಸಂಗಡಿಗರು ಇದೇ ಫ್ರೋಜನ್ ಶೋಲ್ಡರಿನ 100 ರೋಗಿಗಳಲ್ಲಿ ಕೀಲನ್ನು ಕೈಯಿಂದ ಅಲುಗಿಸುವ ಮೊಬಿಲೈಸೇಶನ್ನಿನ ಜೋರಿನ ರೂಪವನ್ನೂ ಮೆದು ರೂಪವನ್ನೂ ಹೋಲಿಸಿದರು. ವಾರಕ್ಕೆರಡು ಸಲ, ಗರಿಷ್ಠ 12 ವಾರ, ಆಮೇಲೆ ವರ್ಷದವರೆಗೆ ಹಿಂಬಾಲಿಕೆ. ಜೋರಿನದು ತುಸು ಮೇಲು, ವ್ಯತ್ಯಾಸ ಸಣ್ಣದು. ನೂರು ಭುಜ, ಒಂದು ವರ್ಷ ಇಟ್ಟುಕೊಂಡವರಿಗೇ ಇಷ್ಟು ಕಂಡಿದ್ದರೆ, ಹೆಚ್ಚೂಕಮ್ಮಿ ಒಂದೇ ರೀತಿಯ ಎರಡು ತಂತ್ರಗಳ ನಡುವೆ ಮೂವತ್ತು ಭುಜ, ಎರಡು ವಾರದಲ್ಲಿ ಏನು ಕಾಣಬೇಕು? ಪ್ರಶ್ನೆ ಮೊಂಡಾಗಿದ್ದರೆ ಸ್ಯಾಂಪಲ್ಲನ್ನು ಮುನ್ನೂರಕ್ಕೆ ಏರಿಸಿದರೂ ಉತ್ತರ ಮೊಂಡೇ.

ಎರಡನೆಯ ಜಗಳ ಇನ್ನೂ ದೊಡ್ಡದು. 2018ರಲ್ಲಿ ಜೆರೆಮಿ ಲೂಯಿಸ್ ಮತ್ತು ಪೀಟರ್ ಓ’ಸಲಿವನ್ ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ನಲ್ಲಿ ಬರೆದ ಸಂಪಾದಕೀಯದ ನಂತರ, ಪೆಟ್ಟಿಲ್ಲದೆ ಬಂದ ಕೀಲುನೋವುಗಳನ್ನು ನೋಡುವ ದೃಷ್ಟಿಯೇ ಬದಲಾಗಬೇಕು ಎಂಬ ವಾದಕ್ಕೆ ಬಲ ಬಂತು. ಅದೇ ವರ್ಷ ‘ಲ್ಯಾನ್ಸೆಟ್’ನ ಸೊಂಟನೋವಿನ ಲೇಖನಮಾಲೆಯೂ ತಿಳಿವಳಿಕೆ ಮತ್ತು ಚಟುವಟಿಕೆಗೇ ಮೊದಲ ಸ್ಥಾನ ಕೊಟ್ಟಿತು. ಇದನ್ನು ಓದಿಕೊಂಡ ಕೆಲವು ಟೀಕಾಕಾರರು ಈಗ ಇನ್ನೂ ಮುಂದೆ ಹೋಗಿ ಎಂಪಿಟಿಯಿಂದ ಮ್ಯಾನುಯಲ್ ಥೆರಪಿಯನ್ನೇ, ಅಂದರೆ ಕೈಯಿಂದ ಮಾಡುವ ಚಿಕಿತ್ಸೆಯನ್ನೇ, ತೆಗೆದುಹಾಕಿ ಎನ್ನುತ್ತಾರೆ. ಬೆರಳಿಗೆ ಬೆನ್ನಿನ ಬಿಗಿತ ತಿಳಿಯುತ್ತದೆ ಎಂಬುದೇ ಭ್ರಮೆ ಎಂಬುದಕ್ಕೆ ಅವರು 2004ರಲ್ಲಿ ‘ಸ್ಪೈನ್’ ಪತ್ರಿಕೆಯಲ್ಲಿ ಬಂದ ಸೆಫಿಂಜರ್ ತಂಡದ ಅವಲೋಕನವನ್ನು ಮುಂದಿಡುತ್ತಾರೆ. ಆ ಅವಲೋಕನವನ್ನು ಪೂರ್ತಿ ಓದಬೇಕು. ಬೆನ್ನಿನ ಪಕ್ಕದ ಸ್ನಾಯುವನ್ನು ಮುಟ್ಟಿ ನೋಡುವ ಪರೀಕ್ಷೆಯಲ್ಲಿ ಇಬ್ಬರು ಪರೀಕ್ಷಕರ ನಡುವೆ ಒಪ್ಪಿಗೆ ಕಡಿಮೆ, ನಿಜ. ಆದರೆ ಒತ್ತಿದಾಗ ನೋವು ಬರುತ್ತದೆಯೇ ಎಂದು ಕೇಳುವ ಪರೀಕ್ಷೆಗಳು ಅದಕ್ಕಿಂತ ನಂಬಲರ್ಹ ಎಂದೂ ಅದೇ ಅವಲೋಕನ ಹೇಳುತ್ತದೆ. ಕೈ ಒತ್ತಬೇಕು, ಬಾಯಿ ಕೇಳಬೇಕು, ಎರಡೂ ಒಟ್ಟಿಗೆ ನಡೆಯಬೇಕು.

ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್ 1964ರಲ್ಲಿ ‘ವರ್ಟಿಬ್ರಲ್ ಮ್ಯಾನಿಪುಲೇಶನ್’ ಪ್ರಕಟಿಸಿದಾಗ ಕೊಟ್ಟದ್ದೂ ಇದನ್ನೇ. ಪರೀಕ್ಷೆಗೆ ಓದುವವರು ಅವರ ಒಂದರಿಂದ ನಾಲ್ಕರವರೆಗಿನ ಗ್ರೇಡುಗಳನ್ನು ನೆನಪಿಟ್ಟುಕೊಳ್ಳುತ್ತಾರೆ. ಮೇಟ್‌ಲ್ಯಾಂಡ್ ಪದ್ಧತಿಯ ಜೀವ ಇರುವುದು ಗ್ರೇಡುಗಳಲ್ಲಲ್ಲ. ಒಂದು ಸಲ ಒತ್ತಿ, ತಕ್ಷಣ ರೋಗಿಯನ್ನು ಎಬ್ಬಿಸಿ, ನೋವು ಬರುತ್ತಿದ್ದ ಅದೇ ಚಲನೆಯನ್ನು ಮತ್ತೆ ಮಾಡಿಸಿ, ಬದಲಾಯಿತೇ ಎಂದು ನೋಡುವ ಪಟ್ಟು ಹಿಡಿದ ಮರುಪರೀಕ್ಷೆಯಲ್ಲಿದೆ. ಅದು ಒಬ್ಬನೇ ರೋಗಿಯ ಮೇಲೆ ನಡೆಯುವ ಸಣ್ಣ ಪ್ರಯೋಗ. ಮುಟ್ಟುವುದನ್ನೇ ಕಿತ್ತುಹಾಕಿದರೆ ಈ ಪ್ರಯೋಗವೂ ಹೋಗುತ್ತದೆ.

ಯಶವಂತಪುರದ ಎಪಿಎಂಸಿ ಯಾರ್ಡಿನ ಹಮಾಲರೊಬ್ಬರು ಎಂಆರ್‌ಐ ಕವರು ಹಿಡಿದು ಬಂದಾಗ ಇದರ ಬೆಲೆ ತಿಳಿಯುತ್ತದೆ. “ಎಲ್‌ ನಾಲ್ಕು–ಎಲ್‌ ಐದು ಗ್ಯಾಪ್ ಬಂದಿದೆಯಂತೆ ಸಾರ್, ಇನ್ನು ಮೂಟೆ ಎತ್ತಂಗಿಲ್ಲ ಅಂದ್ರು” ಎಂಬ ಮಾತು ಈ ಭಾಗದ ಯಾವ ಫಿಸಿಯೋಗೂ ಹೊಸದಲ್ಲ. 2015ರಲ್ಲಿ ಬ್ರಿಂಜಿಕ್ಜಿ ಮತ್ತು ಸಂಗಡಿಗರು ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರ ವಯಸ್ಸಿನವರಲ್ಲೂ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆದಿತ್ತು. ಎಂಬತ್ತರ ವಯಸ್ಸಿನಲ್ಲಿ ಶೇ 96. ಹೊಟ್ಟೆಪಾಡು ಬೆನ್ನಿನ ಮೇಲೆ ನಿಂತಿರುವ ಮನುಷ್ಯನಿಗೆ ಈ ಅಂಕಿ ಹೇಳಿ, ಭಯ ಬಿಡಿ, ಬಗ್ಗಿ ಎಂದರೆ ಆತ ನಂಬುವುದಿಲ್ಲ. ಕೈಯಿಟ್ಟು ನೋವು ತುಸು ಇಳಿಸಿ, ಅಲ್ಲೇ ಬಗ್ಗಿಸಿ ತೋರಿಸಿದರೆ ನಂಬುತ್ತಾನೆ. ಮ್ಯಾನುಯಲ್ ಥೆರಪಿ ಮೂಳೆಯನ್ನು ‘ಜಾಗಕ್ಕೆ ಕೂರಿಸುತ್ತದೆ’ ಎಂದು ಹೇಳುವವರು ತಪ್ಪು. ಅದು ಏನೂ ಮಾಡುವುದಿಲ್ಲ ಎನ್ನುವವರೂ ಅಷ್ಟೇ ತಪ್ಪು.

ಫಿಸಿಯೋಗಳು ಹೆಸರಿನ ಮುಂದೆ ‘ಡಾಕ್ಟರ್’ ಎಂದು ಹಾಕಿಕೊಳ್ಳಬಹುದೇ ಎಂಬ ರಂಪದ ಬಗ್ಗೆ ಎರಡೇ ಮಾತು ಸಾಕು. ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ಬಂದದ್ದು 2021ರಲ್ಲಿ. 2025ರ ಹೊಸ ಪಠ್ಯಕ್ರಮ ಬಿಪಿಟಿಯನ್ನು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷ ಮಾಡಿ, ಹೆಸರಿನ ಹಿಂದೆ ಮುಂದೆ ಏನು ಹಾಕಬೇಕೆಂದೂ ಹೇಳಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ‘ಡಾಕ್ಟರ್’ ಬೇಡವೆಂದು ಪತ್ರ ಬರೆದು, ಬೆನ್ನಿಗೇ ಅದನ್ನು ಹಿಂತೆಗೆದುಕೊಂಡಿತು. ಆ ದಿನಗಳಲ್ಲಿ ಎದ್ದ ಆವೇಶದ ಕಾಲುಭಾಗ ಪಠ್ಯಕ್ರಮದ ಒಳಗಿನ ಹೂರಣದ ಮೇಲೆ ಖರ್ಚಾಗಿದ್ದರೆ ವೃತ್ತಿಗೆ ಉಪಕಾರವಾಗುತ್ತಿತ್ತು.

ಕೋರ್ಸಿನಲ್ಲಿ ಒಳ್ಳೆಯದಿಲ್ಲವೆಂದಲ್ಲ. ಒಳ್ಳೆಯ ಗುರುವಿನ ಎದುರು ನಡೆಯುವ ಕೇಸ್ ಪ್ರೆಸೆಂಟೇಶನ್ ಒಂದೇ ಸಾಕು. ಕೈಬೆರಳು ಜೋಮು ಹಿಡಿದಿದೆ ಎಂದು ಬಂದವರಿಗೆ ಕುತ್ತಿಗೆಯೇ ಕಾರಣ ಎಂದು ಹೇಗೆ ಹೇಳುತ್ತೀರಿ, ಮಣಿಕಟ್ಟು ಯಾಕಲ್ಲ, ರಾತ್ರಿ ಹೆಚ್ಚಾಗುತ್ತದೆಯೇ ಎಂದು ಕೇಳಿರಾ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬಂದಾಗ ಹತ್ತು ವರ್ಷ ಕ್ಲಿನಿಕ್ ನಡೆಸಿದವರೂ ಬೆವರುತ್ತಾರೆ. ಆದರೆ ಈ ಗಂಟೆ ಸಿಗುವುದು ಪೂರ್ಣಾವಧಿಗೆ ಬರಬಲ್ಲವರಿಗೆ ಮಾತ್ರ. ಬೆಳಿಗ್ಗೆ ಹೋಂ ವಿಸಿಟ್, ಸಂಜೆ ಐದರಿಂದ ಒಂಬತ್ತು ಕ್ಲಿನಿಕ್, ಮೇಲೆ ಬಾಡಿಗೆ ಮತ್ತು ಮಕ್ಕಳ ಫೀಸು ಎಂಬ ಲೆಕ್ಕದಲ್ಲಿರುವ ಆರ್.ಟಿ. ನಗರದ ಫಿಸಿಯೋ ಎರಡು ವರ್ಷ ಬಾಗಿಲು ಹಾಕಲಾರರು. ರೋಗಿಗಳನ್ನು ಕಂಡು ಕಂಡು ಪ್ರಶ್ನೆಗಳನ್ನು ಕೂಡಿಟ್ಟುಕೊಂಡವರು ಅವರೇ. ಬಿಪಿಟಿ ಮುಗಿಸಿ ನೇರವಾಗಿ ಬಂದವರ ಬಳಿ ಸಮಯವಿದೆ, ಪ್ರಶ್ನೆಗಳು ಇನ್ನೂ ಹುಟ್ಟಿಲ್ಲ.

ಇಬ್ಬರನ್ನೂ ಸೇರಿಸುವ ದಾರಿ ಕಷ್ಟದ್ದಲ್ಲ. ಮತ್ತಿಕೆರೆ ಬದಿಯ ರಾಮಯ್ಯದಿಂದ ಸೋಲದೇವನಹಳ್ಳಿಯ ಆಚಾರ್ಯದವರೆಗೆ ಈ ಭಾಗದಲ್ಲಿ ಫಿಸಿಯೋಥೆರಪಿ ಕಾಲೇಜುಗಳಿವೆ, ಅವುಗಳ ನಡುವೆ ಹತ್ತಾರು ಕ್ಲಿನಿಕ್ಕುಗಳಿವೆ. ಎಂಟು ವಿದ್ಯಾರ್ಥಿಗಳು ಎಂಟು ಬೇರೆ ಬೇರೆ ಹೋಲಿಕೆಗಳ ಬೆನ್ನು ಹತ್ತುವ ಬದಲು ಒಂದೇ ಪ್ರಶ್ನೆ ಹಿಡಿಯಲಿ: ಸಕ್ಕರೆ ಕಾಯಿಲೆಯವರ ಬಿಗಿದ ಭುಜದಲ್ಲೂ ಹಿಂದಕ್ಕೆ ತಳ್ಳುವುದು ಮೇಲೇ, ಆರು ತಿಂಗಳಾದರೂ ಆ ಲಾಭ ಉಳಿಯುತ್ತದೆಯೇ? ತಲಾ ಹದಿನಾರು ಭುಜ ಅಳೆದರೆ 128 ಆಗುತ್ತದೆ, ಗುಂಪಿಗೆ 64. ಯಾವ ಗುಂಪಿಗೆ ಏನು ಕೊಟ್ಟರೆಂದು ತಿಳಿಯದ ಇನ್ನೊಬ್ಬರು ಗೋನಿಯೋಮೀಟರ್ ಹಿಡಿಯಲಿ. ರೋಗಿಗಳನ್ನು ಕಳಿಸುವ, ಆರು ತಿಂಗಳ ನಂತರ ಮತ್ತೆ ಕರೆಸುವ ಕೆಲಸ ಸಂಜೆ ಕ್ಲಿನಿಕ್ಕಿನ ಫಿಸಿಯೋಗಳದ್ದಾಗಲಿ, ಮತ್ತು ಆ ಕೆಲಸಕ್ಕೆ ಪ್ರತಿಯಾಗಿ ಅವರ ಎಂಪಿಟಿಗೆ ಕ್ರೆಡಿಟ್ ಸೇರಲಿ.