ಶಿಕ್ಷೆಗೊಂದು ಬೆಲೆಪಟ್ಟಿ

2010ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಶಿಕ್ಷಾ ಸಲಹಾ ಆಯೋಗ ಒಂದು ಹೊಸ ಪದ್ಧತಿಯನ್ನು ತಂದಿತು. ಶಿಕ್ಷೆ ವಿಧಿಸುವ ಮುನ್ನ ನ್ಯಾಯಾಧೀಶರು ಅಪರಾಧಿಯ ಹಿನ್ನೆಲೆಯ ಜೊತೆಗೆ ಆ ಶಿಕ್ಷೆಯಿಂದ ಸರ್ಕಾರಕ್ಕೆ ಬೀಳುವ ಖರ್ಚನ್ನೂ ನೋಡಬಹುದು. ಮಗುವನ್ನು ಅಪಾಯಕ್ಕೊಡ್ಡಿದ ಅಪರಾಧಕ್ಕೆ ಮೂರು ವರ್ಷ ಜೈಲಾದರೆ 37,000 ಡಾಲರಿಗೂ ಹೆಚ್ಚು. ಹೊರಗೇ ಬಿಟ್ಟು ನಿಗಾ ಇಡುವ ಪ್ರೊಬೇಷನ್ ಆದರೆ 6,770 ಡಾಲರ್. ಆಗ ಪತ್ರಿಕೆಗಳಲ್ಲಿ ಬಂದ ಉದಾಹರಣೆ ಇದು. ಸರ್ಕಾರಿ ವಕೀಲರು ಸಿಟ್ಟಾದರು. ನ್ಯಾಯವನ್ನು ಲೆಕ್ಕದ ಪುಸ್ತಕದಿಂದ ಅಳೆಯುವುದೇ? ಪೆಟ್ಟು ತಿಂದವರ ನಷ್ಟವನ್ನು ಯಾವ ಕಲಮಿನಲ್ಲಿ ಬರೆದಿದ್ದೀರಿ?

ಎಂಟು ವರ್ಷಗಳ ಬಳಿಕ ಫಿಲಡೆಲ್ಫಿಯಾದ ಜಿಲ್ಲಾ ಅಟಾರ್ನಿ ಲ್ಯಾರಿ ಕ್ರಾಸ್ನರ್ ತಮ್ಮ ಕೈಕೆಳಗಿನ ಸರ್ಕಾರಿ ವಕೀಲರಿಗೇ ಇದೇ ಕೆಲಸ ಹಚ್ಚಿದರು. ಜೈಲು ಶಿಕ್ಷೆ ಕೇಳುವಾಗ ಅದರ ಖರ್ಚನ್ನು, ಲಾಭವನ್ನು ನ್ಯಾಯಾಲಯದ ಮುಂದೆ ಹೇಳಬೇಕು. ಅವರು ಹಿಡಿದ ಲೆಕ್ಕ ತಲೆಗೆ ವರ್ಷಕ್ಕೆ 42,000 ಡಾಲರ್, ಹೆಚ್ಚುಕಡಿಮೆ ಆ ಊರಿನಲ್ಲಿ ಹೊಸದಾಗಿ ಸೇರಿದ ಶಿಕ್ಷಕರ ಸಂಬಳ.

ಬೆಲೆ ಹೇಳುವುದರಲ್ಲಿ ತಪ್ಪಿಲ್ಲ ಎಂದೇ ನನ್ನ ಅಭಿಪ್ರಾಯ. ಹಲವು ರಾಜ್ಯಗಳಲ್ಲಿ ಶಿಕ್ಷೆ ಕೇಳುವವರು ಕೌಂಟಿಯವರು, ಜೈಲಿನ ಬಿಲ್ಲು ಕಟ್ಟುವುದು ರಾಜ್ಯ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ನಮ್ಮ ಗಾದೆಯನ್ನೇ ಝಿಮ್ರಿಂಗ್ ಮತ್ತು ಹಾಕಿನ್ಸ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ಬೇರೆ ಮಾತುಗಳಲ್ಲಿ ಹೇಳಿದರು. ಬಿಲ್ಲು ಕಣ್ಣಿಗೆ ಬೀಳದವರು ಕೈ ಹಿಡಿದು ಖರ್ಚು ಮಾಡುವುದಿಲ್ಲ.

ಆಕ್ಷೇಪ ಇರುವುದು ಲೆಕ್ಕ ಹಾಕುವ ರೀತಿಗೆ. ಒಟ್ಟು ಖರ್ಚನ್ನು ತಲೆಗಳಿಂದ ಭಾಗಿಸಿದ ಸರಾಸರಿ ಇದು. ಮನೆಗೆ ಒಬ್ಬ ನೆಂಟರು ಕಡಿಮೆ ಬಂದರೆ ಒಂದು ಪಾವು ಅಕ್ಕಿ ಉಳಿಯುತ್ತದೆ, ಬಾಡಿಗೆ ಉಳಿಯುವುದಿಲ್ಲ. ಕಾವಲುಗಾರರ ಸಂಬಳ, ಕಟ್ಟಡದ ಸಾಲ ಹಾಗೇ ಇರುತ್ತವೆ. ಇಡೀ ವಿಭಾಗ ಮುಚ್ಚುವಷ್ಟು ಜನ ಕಡಿಮೆಯಾದಾಗ ಮಾತ್ರ ಆ ಹಣ ಕೈಗೆ ಬರುತ್ತದೆ. ಒಬ್ಬನನ್ನು ಬಿಟ್ಟರೆ ಒಬ್ಬ ಶಿಕ್ಷಕರ ಸಂಬಳ ಉಳಿಯಿತು ಎನ್ನುವುದು ಭಾಷಣಕ್ಕೆ ಚೆನ್ನ, ಅಷ್ಟೇ. ಅತ್ತ ಒಳಗಿರುವವನ ಹೆಂಡತಿ, ಮಕ್ಕಳು ತೆರುವುದು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಇನ್ನೂ ಒಂದು ಭಯವಿದೆ. ಬೆಲೆಯೊಂದೇ ವಾದವಾದರೆ ಜೈಲನ್ನು ಅಗ್ಗ ಮಾಡಿಬಿಟ್ಟರಾಯಿತಲ್ಲ! ಭಾರತದಲ್ಲಿ ಕೈದಿಯ ಮೇಲಿನ ಖರ್ಚು ಇಲ್ಲಿಯದರ ಪಕ್ಕ ಏನೇನೂ ಅಲ್ಲ. ಅಲ್ಲಿ ಒಳಗಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು, ಇನ್ನೂ ಶಿಕ್ಷೆಯೇ ಆಗದವರು. ಅಗ್ಗದ ಜೈಲು ಯಾರನ್ನೂ ಬೇಗ ಮನೆಗೆ ಕಳಿಸಿಲ್ಲ. ಕ್ಯಾಲಿಫೋರ್ನಿಯಾ ಹೊಸ ಜಾಗವಿಲ್ಲದೆ ಜನರನ್ನು ತುಂಬುತ್ತಲೇ ಹೋಗಿ, 2011ರಲ್ಲಿ ಸುಪ್ರೀಂ ಕೋರ್ಟೇ ಕೈದಿಗಳ ಸಂಖ್ಯೆ ಇಳಿಸುವ ಆದೇಶವನ್ನು ಎತ್ತಿಹಿಡಿಯಬೇಕಾಯಿತು.

ಹಾಗಾದರೆ ಖರ್ಚಿನ ಮಾತಿಗೆ ನಿಜವಾದ ಜಾಗ ಎಲ್ಲಿ? ಶಿಕ್ಷೆಯ ದಿನಕ್ಕಿಂತ ಪೆರೋಲಿನ ದಿನ ಎನ್ನುತ್ತೇನೆ. ಶಿಕ್ಷೆಯ ದಿನ ಗಾಯ ಹಸಿಯಾಗಿರುತ್ತದೆ. ನೊಂದವರ ಎದುರು ಡಾಲರ್ ಎಣಿಸುವುದು ಒರಟು. ಇಪ್ಪತ್ತು ವರ್ಷದ ನಂತರ ಪ್ರಶ್ನೆಯೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಈಗ ಐವತ್ತು ದಾಟಿ, ಇಪ್ಪತ್ತು ವರ್ಷ ಒಳಗೆ ಕಳೆದ ಬಹುಪಾಲು ಕೈದಿಗಳಿಗೆ ವೃದ್ಧರ ಪೆರೋಲ್ ವಿಚಾರಣೆ ಸಿಗುತ್ತದೆ. ಅಲ್ಲಿ ಮಂಡಳಿ ಕೇಳುವುದು ಒಂದೇ: ಈತನಿಂದ ಇಂದಿಗೂ ಸಮಾಜಕ್ಕೆ ಅಪಾಯವಿದೆಯೇ? ಆ ರಾಜ್ಯದಲ್ಲಿ ಒಬ್ಬ ಕೈದಿಗೆ ವರ್ಷಕ್ಕೆ ಸರಾಸರಿ 1,30,000 ಡಾಲರಿನಷ್ಟು ತಗಲುತ್ತದೆ, ಅದರಲ್ಲಿ ದೊಡ್ಡ ಪಾಲು ಆರೋಗ್ಯದ್ದು. ವಯಸ್ಸಾದಂತೆ ಔಷಧಿ, ಆಸ್ಪತ್ರೆ ಏರುತ್ತವೆ, ಮತ್ತೆ ಅಪರಾಧ ಮಾಡುವ ಸಂಭವ ಇಳಿಯುತ್ತದೆ. ವೀಲ್‌ಚೇರಿನಲ್ಲಿ ಬಂದವನ ಕಡತದಲ್ಲಿ ನಲವತ್ತು ವರ್ಷ ಹಿಂದಿನ ಕೊಲೆಯ ವಿವರ ಪುಟಗಟ್ಟಲೆ ಇರುತ್ತದೆ. ಅದರ ಪಕ್ಕದಲ್ಲಿ ಮುಂದಿನ ಐದು ವರ್ಷ ಆತನನ್ನು ಕಾಯಲು ಏನು ಬೇಕು ಎಂಬ ಒಂದು ಹಾಳೆಯೂ ಇರಲಿ ಎಂದರೆ ಅದು ನ್ಯಾಯವನ್ನು ಮಾರುವ ಮಾತಲ್ಲ.